ಲೆಫ್ಟಿನೆಂಟ್ ಗವರ್ನರ್ ಬೇಕೋ ಬೇಡವೋ: ಅಮೆರಿಕದ ರಾಜ್ಯಗಳಲ್ಲಿ ಮುಗಿಯದ ಜಗಳ

ದೆಹಲಿಯ ಎಲ್‌ಜಿಯನ್ನು ಮೊದಲು ತಲೆಯಿಂದ ತೆಗೆದುಬಿಡಿ. ಅಮೆರಿಕದ ಲೆಫ್ಟಿನೆಂಟ್ ಗವರ್ನರನ್ನು ಕೇಂದ್ರ ಸರ್ಕಾರ ಕಳಿಸುವುದಿಲ್ಲ, ಬಹುತೇಕ ರಾಜ್ಯಗಳಲ್ಲಿ ಜನರೇ ಆರಿಸುತ್ತಾರೆ. ಅಲ್ಲಿನ ಗವರ್ನರ್ ಎಂದರೆ ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿಯ ಜಾಗದವರು. ಅವರು ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಪದಚ್ಯುತರಾದರೆ ಕುರ್ಚಿ ನೇರವಾಗಿ ಈ ಎರಡನೆಯವರಿಗೆ ಹೋಗುತ್ತದೆ. ನಮ್ಮ ಉಪಮುಖ್ಯಮಂತ್ರಿಗೆ ಆ ಹಕ್ಕಿಲ್ಲ. ಆ ಹುದ್ದೆಯ ಹೆಸರೇ ನಮ್ಮ ಸಂವಿಧಾನದಲ್ಲಿಲ್ಲ.

ಎಲ್ಲ 50 ರಾಜ್ಯಗಳಲ್ಲೂ ಈ ಹುದ್ದೆ ಇಲ್ಲ. ಮೇಯ್ನ್, ನ್ಯೂ ಹ್ಯಾಂಪ್‌ಶೈರ್, ಒರೆಗಾನ್, ವಯೋಮಿಂಗ್ ಅದಿಲ್ಲದೆಯೇ ಸಾಗಿವೆ. ಆರಿಜೋನಾ ಕೂಡ ಅದೇ ಗುಂಪಿನಲ್ಲಿತ್ತು. 2022ರಲ್ಲಿ ಅಲ್ಲಿನ ಮತದಾರರು ಹುದ್ದೆಗೆ ಒಪ್ಪಿಗೆ ಕೊಟ್ಟರು, ಮೊದಲ ಆಯ್ಕೆ 2026ರ ಚುನಾವಣೆಯಲ್ಲಿ ಎಂದು ನಿಗದಿಯಾಯಿತು. ಹೀಗಾಗಿ ಹಳೆಯ ಪ್ರಶ್ನೆಗೆ ಮತ್ತೆ ಜೀವ ಬಂತು. ಎರಡೂ ಕಡೆಯವರ ವಾದ ಅವರವರ ದನಿಯಲ್ಲೇ ಕೆಳಗಿದೆ.

ಪರ: ವಾರಸುದಾರ ಯಾರೆಂದು ಮತ ಹಾಕುವಾಗಲೇ ತಿಳಿದಿರಲಿ

2002ರ ಜನವರಿ 8ರ ಬೆಳಗ್ಗೆ ನ್ಯೂಜೆರ್ಸಿಯ ಗವರ್ನರ್ ಕೆಲಸ ನೋಡುತ್ತಿದ್ದವರು ಡೊನಾಲ್ಡ್ ಡಿಫ್ರಾನ್ಸೆಸ್ಕೊ. ಆ ಹುದ್ದೆಗೆ ಜನ ಆರಿಸಿದ್ದು ಅವರನ್ನಲ್ಲ. ಹಿಂದಿನ ವರ್ಷ ಗವರ್ನರ್ ಕ್ರಿಸ್ಟೀನ್ ವಿಟ್‌ಮನ್ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥೆಯಾಗಿ ವಾಷಿಂಗ್ಟನ್‌ಗೆ ಹೊರಟಿದ್ದರು. ರಾಜ್ಯ ಸೆನೆಟ್‌ನ, ಅಂದರೆ ಶಾಸಕಾಂಗದ ಮೇಲ್ಮನೆಯ, ಅಧ್ಯಕ್ಷರಾಗಿದ್ದ ಒಂದೇ ಕಾರಣಕ್ಕೆ ಡಿಫ್ರಾನ್ಸೆಸ್ಕೊಗೆ ಕುರ್ಚಿ ಬಂದಿತ್ತು. ಆ ಮಧ್ಯಾಹ್ನ ಸೆನೆಟ್‌ನ ಅವಧಿ ಮುಗಿಯಿತು, ಅದರ ಜೊತೆಗೆ ಅವರದೂ ಮುಗಿಯಿತು. ಹೊಸ ಸೆನೆಟ್ ಅಧ್ಯಕ್ಷರನ್ನು ಆರಿಸುವವರೆಗೆ, ಅಂದರೆ ಒಂದೂವರೆ ಗಂಟೆ, ಅಟಾರ್ನಿ ಜನರಲ್ ಜಾನ್ ಫಾರ್ಮರ್ ಗವರ್ನರ್! ಹೊಸ ಸೆನೆಟ್‌ನಲ್ಲೋ ಎರಡೂ ಪಕ್ಷಗಳಿಗೆ ತಲಾ 20 ಸ್ಥಾನ. ಆದ್ದರಿಂದ ಅಧ್ಯಕ್ಷರೂ ಇಬ್ಬರು. ರಿಪಬ್ಲಿಕನ್ ಜಾನ್ ಬೆನೆಟ್, ಡೆಮಾಕ್ರಟ್ ರಿಚರ್ಡ್ ಕೋಡಿ ತಲಾ ಮೂರೂವರೆ ದಿನದಂತೆ ಗವರ್ನರ್‌ಗಿರಿಯನ್ನು ಪಾಲು ಮಾಡಿಕೊಂಡರು. 15ನೇ ತಾರೀಖು ಜನ ನಿಜವಾಗಿ ಆರಿಸಿದ್ದ ಜಿಮ್ ಮೆಕ್‌ಗ್ರೀವಿ ಪ್ರಮಾಣವಚನ ಸ್ವೀಕರಿಸಿದರು. ಎಂಟು ದಿನದಲ್ಲಿ ಐದು ಜನ. ಕಥೆಯಲ್ಲಿ ಬರೆದರೆ ಸಂಪಾದಕರು ನಂಬುವುದಿಲ್ಲ.

ನಗು ಅಲ್ಲಿಗೆ ಮುಗಿಯುತ್ತದೆ. 2004ರ ನವೆಂಬರ್‌ನಲ್ಲಿ ಮೆಕ್‌ಗ್ರೀವಿ ರಾಜೀನಾಮೆ ಕೊಟ್ಟರು, ಕೋಡಿ ಮತ್ತೆ ಬಂದರು. ಈ ಸಲ 14 ತಿಂಗಳು. ಅಷ್ಟೂ ಕಾಲ ಅವರು ಸೆನೆಟ್ ಅಧ್ಯಕ್ಷರೂ ಹೌದು, ಗವರ್ನರ್ ಕೆಲಸ ನೋಡುವವರೂ ಹೌದು. ಮಸೂದೆ ಸೆನೆಟ್‌ನಲ್ಲಿ ಪಾಸಾಗುವಾಗ ಪೀಠದಲ್ಲಿದ್ದ ಮನುಷ್ಯನೇ ಆಮೇಲೆ ಅದಕ್ಕೆ ಸಹಿ ಹಾಕುವುದು. ಗವರ್ನರ್‌ಗೆ ವೀಟೋ ಅಧಿಕಾರ ಕೊಟ್ಟಿರುವುದೇ ಶಾಸಕಾಂಗದ ಮೇಲೆ ಒಂದು ಕಣ್ಣಿರಲಿ ಎಂದು. ಆ ಕಣ್ಣೂ ಶಾಸಕಾಂಗದ್ದೇ ಆದರೆ ವೀಟೋ ಇದ್ದೂ ಇಲ್ಲದ ಹಾಗೆ. ಕೋಡಿ ಒಳ್ಳೆಯ ಹೆಸರು ಗಳಿಸಿದರು ನಿಜ, ಆದರೆ ಅದು ಅವರ ಗುಣ, ವ್ಯವಸ್ಥೆಯದಲ್ಲ. ನ್ಯೂಜೆರ್ಸಿ ಮತದಾರರು 2005ರಲ್ಲಿ ಸಂವಿಧಾನ ತಿದ್ದಿದರು. 2009ರಲ್ಲಿ ಕಿಮ್ ಗ್ವಾಡಾನೊ ರಾಜ್ಯದ ಮೊದಲ ಲೆಫ್ಟಿನೆಂಟ್ ಗವರ್ನರ್ ಆಗಿ ಆಯ್ಕೆಯಾದರು.

ಆರಿಜೋನಾದ ಪಾಠ ಬೇರೆ ಬಗೆಯದು. ಅಲ್ಲಿ ಗವರ್ನರ್ ನಂತರದ ಸಾಲಿನಲ್ಲಿದ್ದವರು ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ಚುನಾವಣೆ ನಡೆಸುವ, ದಾಖಲೆ ಕಾಯುವ ಅಧಿಕಾರಿ. ಅವರದು ಪ್ರತ್ಯೇಕ ಚುನಾವಣೆ, ಪಕ್ಷ ಯಾವುದೂ ಇರಬಹುದು. 2006ರಲ್ಲಿ ಜನ ಡೆಮಾಕ್ರಟ್ ಜಾನೆಟ್ ನಪೊಲಿಟಾನೊ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದರು. 2009ರ ಜನವರಿಯಲ್ಲಿ ಅವರು ಒಬಾಮಾ ಸಂಪುಟ ಸೇರಿದರು, ರಾಜ್ಯ ರಿಪಬ್ಲಿಕನ್ ಜಾನ್ ಬ್ರೂವರ್ ಕೈಗೆ ಹೋಯಿತು. ಅಕ್ರಮ ವಲಸೆ ತಡೆಯಲು ಪೊಲೀಸರಿಗೆ ಅಧಿಕಾರ ಕೊಡುವ ಮಸೂದೆಗಳನ್ನು ನಪೊಲಿಟಾನೊ ವೀಟೋ ಮಾಡಿದ್ದರು. ಬ್ರೂವರ್ 2010ರ ಏಪ್ರಿಲ್‌ನಲ್ಲಿ ಅಂಥದೇ ಮಸೂದೆಯಾದ ಎಸ್‌ಬಿ 1070ಕ್ಕೆ ಸಹಿ ಹಾಕಿದರು. ಆ ಕಾನೂನು ಸರಿಯೋ ತಪ್ಪೋ, ಅದು ಬೇರೆ ಜಗಳ. ನಾಲ್ಕು ವರ್ಷಕ್ಕೆಂದು ಜನ ಆರಿಸಿದ ನೀತಿ ಒಬ್ಬರ ಬಡ್ತಿಯಿಂದಾಗಿ ನಡುವೆಯೇ ತಿರುಗುಮುರುಗಾಯಿತಲ್ಲ, ನನ್ನ ತಕರಾರು ಅದಕ್ಕೆ. 1988ರಲ್ಲಿ ರಿಪಬ್ಲಿಕನ್ ಇವಾನ್ ಮೀಚಮ್ ಪದಚ್ಯುತರಾದಾಗ ಡೆಮಾಕ್ರಟ್ ರೋಸ್ ಮೊಫರ್ಡ್ ಬಂದಿದ್ದರು. ಅಂದರೆ ಅನ್ಯಾಯ ಎರಡೂ ಪಕ್ಷಗಳಿಗೆ ಆಗಿದೆ.

ಜಂಟಿ ಟಿಕೆಟ್ ಇದಕ್ಕೆ ಮದ್ದು. ಗವರ್ನರ್ ಅಭ್ಯರ್ಥಿ ತನ್ನ ಜೊತೆಗಾರನನ್ನು ಮೊದಲೇ ತೋರಿಸುತ್ತಾನೆ, ಜನ ಇಬ್ಬರಿಗೂ ಒಂದೇ ಮತ ಹಾಕುತ್ತಾರೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಬರುತ್ತಾರೆ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಇನ್ನು ಹುದ್ದೆಯಲ್ಲಿ ಕೆಲಸವಿಲ್ಲ ಎಂಬ ದೂರು. ಅದಕ್ಕೆ ನ್ಯೂಜೆರ್ಸಿ ಉತ್ತರ ಕೊಟ್ಟಿದೆ: ಲೆಫ್ಟಿನೆಂಟ್ ಗವರ್ನರ್ ಒಂದು ಇಲಾಖೆಯನ್ನೂ ನಡೆಸಬೇಕು. ಗ್ವಾಡಾನೊ ಸೆಕ್ರೆಟರಿ ಆಫ್ ಸ್ಟೇಟ್ ಆಗಿದ್ದರು, ನಂತರ ಬಂದ ಶೀಲಾ ಆಲಿವರ್ ಸಮುದಾಯ ವ್ಯವಹಾರಗಳ ಇಲಾಖೆ ನೋಡಿಕೊಂಡರು.

ಮೇರಿಲ್ಯಾಂಡ್ ಈ ಹುದ್ದೆಯನ್ನು 1864ರಲ್ಲಿ ತಂದು, 1867ರಲ್ಲಿ ಕಿತ್ತುಹಾಕಿ, ಒಂದು ಶತಮಾನ ಹಾಗೇ ಇತ್ತು. ಗವರ್ನರ್ ಸ್ಪೈರೊ ಆಗ್ನ್ಯೂ ದೇಶದ ಉಪಾಧ್ಯಕ್ಷರಾಗಿ ಹೊರಟಾಗ ಅವರ ಜಾಗಕ್ಕೆ ಶಾಸಕರೇ ಒಬ್ಬರನ್ನು ಆರಿಸಬೇಕಾಯಿತು. 1970ರಲ್ಲಿ ಹುದ್ದೆ ಮರಳಿ ಬಂತು. ಇಂದು ಅಲ್ಲಿ ಕೂತಿರುವವರು ಹೈದರಾಬಾದಿನಲ್ಲಿ ಹುಟ್ಟಿದ ಅರುಣಾ ಮಿಲ್ಲರ್.

ವಿರೋಧ: ಬೇಕಿರುವುದು ನಿಯಮ, ಇನ್ನೊಬ್ಬ ರಾಜಕಾರಣಿಯಲ್ಲ

ನ್ಯೂಜೆರ್ಸಿಯ ಆ ಎಂಟು ದಿನಗಳ ಕಥೆ ಹೇಳಿದವರು 2023ರ ಆಗಸ್ಟ್ 1ರ ಕಥೆ ಹೇಳಲಿಲ್ಲ. ಗವರ್ನರ್ ಫಿಲ್ ಮರ್ಫಿ ರಜೆಯ ಮೇಲೆ ಇಟಲಿಯಲ್ಲಿದ್ದರು, ಹೊಣೆ ಶೀಲಾ ಆಲಿವರ್ ಮೇಲಿತ್ತು. ಆಲಿವರ್ ಆಸ್ಪತ್ರೆ ಸೇರಿ ತೀರಿಕೊಂಡರು. ಆಗ ರಾಜ್ಯ ನೋಡಿಕೊಂಡವರು ಯಾರು? ಸೆನೆಟ್ ಅಧ್ಯಕ್ಷ ನಿಕೊಲಸ್ ಸ್ಕುಟಾರಿ. ಯಾವ ಪದ್ಧತಿ ಕೆಟ್ಟದೆಂದು ಸಂವಿಧಾನ ತಿದ್ದಿದರೋ ಅದೇ ಕೈಹಿಡಿಯಿತು, ಒಂದು ಗೊಂದಲವೂ ಆಗಲಿಲ್ಲ. ಮೂರನೆಯವರಿಗೆ ನಿಯಮ ಸಾಕಾದರೆ ಎರಡನೆಯವರಿಗೆ ಯಾಕೆ ಸಾಲದು?

ಕಾದು ಕೂರುವುದೇ ಕೆಲಸವಾದ ಹುದ್ದೆ ಮನುಷ್ಯನನ್ನು ಏನು ಮಾಡುತ್ತದೆ ನೋಡಿ. ಇಲಿನಾಯ್‌ನ ಡೇವ್ ಓನೀಲ್ 1981ರಲ್ಲಿ ಬೇಸರವೆಂದು ಹೇಳಿಯೇ ರಾಜೀನಾಮೆ ಕೊಟ್ಟರು. ಡಿಕ್ಕಿಯಲ್ಲಿ ಬಿದ್ದಿರುವ ಸ್ಟೆಪ್ನಿಗೆ ಮಾತು ಬಂದರೆ ಅದೂ ಅದನ್ನೇ ಹೇಳೀತು. ನನ್ನ ಮಟ್ಟಿಗೆ ಓನೀಲ್ ಪ್ರಾಮಾಣಿಕ. ಬೇಸರವನ್ನು ಬೇರೆ ರೀತಿ ಕಳೆಯಲು ಹೊರಟವರಿಂದಲೇ ತೊಂದರೆ.

2021ರ ಮೇ ತಿಂಗಳು. ಐಡಹೋ ಗವರ್ನರ್ ಬ್ರಾಡ್ ಲಿಟಲ್ ಸಮ್ಮೇಳನಕ್ಕೆಂದು ನ್ಯಾಶ್‌ವಿಲ್‌ಗೆ ಹೋದರು. ಗವರ್ನರ್ ಗಡಿ ದಾಟಿದರೆ ಅಧಿಕಾರ ಲೆಫ್ಟಿನೆಂಟ್ ಗವರ್ನರ್‌ಗೆ ಎಂಬುದು ಅಲ್ಲಿನ ನಿಯಮ. ಜಾನಿಸ್ ಮೆಗೀಚಿನ್ ಆ ಸಂದಿಯಲ್ಲೇ ಆದೇಶ ಹೊರಡಿಸಿ ಮಾಸ್ಕ್ ಕಡ್ಡಾಯ ಮಾಡುವುದನ್ನು ನಿಷೇಧಿಸಿದರು. ಲಿಟಲ್ ವಾಪಸ್ ಬಂದವರೇ ಅದನ್ನು ರದ್ದು ಮಾಡಿದರು. ಇಬ್ಬರದೂ ಒಂದೇ ಪಕ್ಷ! ಅಕ್ಟೋಬರ್‌ನಲ್ಲಿ ಲಿಟಲ್ ಟೆಕ್ಸಾಸ್ ಗಡಿಗೆ ಹೋದಾಗ ಇದೇ ಆಟ, ಈ ಬಾರಿ ಲಸಿಕೆ ವಿಷಯಕ್ಕೆ. ಕೊರೊನಾ ಕಾಲದಲ್ಲಿ ಒಂದು ರಾಜ್ಯದ ಜನ ಯಾರ ಮಾತು ಕೇಳಬೇಕಿತ್ತು?

ಕ್ಯಾಲಿಫೋರ್ನಿಯಾ ಇದನ್ನು 40 ವರ್ಷ ಮೊದಲೇ ಅನುಭವಿಸಿತ್ತು. ಡೆಮಾಕ್ರಟ್ ಗವರ್ನರ್ ಜೆರ್ರಿ ಬ್ರೌನ್ ಅಧ್ಯಕ್ಷ ಪದವಿಯ ಆಸೆಯಲ್ಲಿ ಊರೂರು ಸುತ್ತುತ್ತಿದ್ದರೆ, ರಿಪಬ್ಲಿಕನ್ ಲೆಫ್ಟಿನೆಂಟ್ ಗವರ್ನರ್ ಮೈಕ್ ಕರ್ಬ್ ಮೇಲ್ಮನವಿ ನ್ಯಾಯಾಲಯಕ್ಕೆ ನ್ಯಾಯಾಧೀಶರನ್ನೇ ನೇಮಿಸಿದರು. ಬ್ರೌನ್ ಮರಳಿ ಅದನ್ನು ಹಿಂಪಡೆದರು. 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇಬ್ಬರಿಗೂ ಅರ್ಧರ್ಧ ಕೊಟ್ಟಿತು: ಗವರ್ನರ್ ಹೊರಗಿದ್ದಾಗ ಕರ್ಬ್‌ಗೆ ಪೂರ್ಣ ಅಧಿಕಾರವಿದೆ, ಮರಳಿದ ಮೇಲೆ ನೇಮಕ ಹಿಂಪಡೆಯಲು ಬ್ರೌನ್‌ಗೂ ಇದೆ. ಜೇಬಿನಲ್ಲಿ ಫೋನ್ ಇರುವ ಈ ಕಾಲದಲ್ಲೂ ರಾಜ್ಯದ ಗಡಿ ದಾಟಿದರೆ ಗವರ್ನರ್ ಗೈರು ಎನ್ನುವ ನಿಯಮ ಕೆಲವೆಡೆ ಉಳಿದುಕೊಂಡಿರುವುದೇ ವಿಚಿತ್ರ.

ಜಂಟಿ ಟಿಕೆಟ್ ಮದ್ದು ಎನ್ನುವವರು ನ್ಯೂಯಾರ್ಕ್ ಕಡೆ ನೋಡಲಿ. ಅಲ್ಲಿ 1994ರಲ್ಲಿ ಜಾರ್ಜ್ ಪಟಾಕಿ ತಾವೇ ಆರಿಸಿಕೊಂಡ ಜೊತೆಗಾರ್ತಿ ಬೆಟ್ಸಿ ಮೆಕಾಹೆ. 1996ರಲ್ಲಿ ಪಟಾಕಿ ವಾರ್ಷಿಕ ಭಾಷಣ ಮಾಡುವಾಗ ವೇದಿಕೆಯಲ್ಲಿ ಉಳಿದವರೆಲ್ಲ ಕೂತಿದ್ದರು, ಮೆಕಾಹೆ ಮಾತ್ರ ಗವರ್ನರ್ ಬೆನ್ನ ಹಿಂದೆ ಭಾಷಣ ಮುಗಿಯುವವರೆಗೆ ನಿಂತೇ ಇದ್ದರು. ಮರುದಿನ ಭಾಷಣಕ್ಕಿಂತ ಅವರ ನಿಲುವಿನದೇ ಸುದ್ದಿ. ಆಮೇಲೆ ಪಕ್ಷವನ್ನೇ ಬದಲಿಸಿ 1998ರಲ್ಲಿ ಪಟಾಕಿಯ ಎದುರೇ ಕಣಕ್ಕಿಳಿದರು. 2025ರಲ್ಲಿ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಅಂಟೋನಿಯೊ ಡೆಲ್ಗಾಡೊ ಕೂಡ ತಮ್ಮನ್ನು ತಂದು ಕೂರಿಸಿದ ಗವರ್ನರ್ ಕ್ಯಾಥಿ ಹೋಕಲ್ ವಿರುದ್ಧವೇ ಸ್ಪರ್ಧೆ ಘೋಷಿಸಿದರು. ಜೊತೆಗೆ ಟಿಕೆಟ್ ಕೊಟ್ಟ ಮಾತ್ರಕ್ಕೆ ಮನಸ್ಸು ಜೊತೆಯಾಗುವುದಿಲ್ಲ.

ಟೆಕ್ಸಾಸ್‌ನಲ್ಲಿ ರೋಗ ತದ್ವಿರುದ್ಧ. ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಸೆನೆಟ್‌ನ ಯಜಮಾನ. ಸಮಿತಿಗಳನ್ನು ನೇಮಿಸುವುದು, ಯಾವ ಮಸೂದೆ ಯಾವ ಸಮಿತಿಗೆ, ಯಾವುದು ಚರ್ಚೆಗೆ ಎಂದು ತೀರ್ಮಾನಿಸುವುದು ಅವರೇ. ವರ್ಷದ ಸಂಬಳ ಬರೀ 7,200 ಡಾಲರ್, ಹಿಡಿತ ಮಾತ್ರ ಗವರ್ನರ್‌ಗೂ ಹೊಟ್ಟೆಕಿಚ್ಚು ಬರುವಷ್ಟು. ಈ ಬಲದ ಬಹುಪಾಲು ಬಂದಿರುವುದು ಸಂವಿಧಾನದಿಂದಲ್ಲ, ಸೆನೆಟ್ ತಾನೇ ಮಾಡಿಕೊಂಡ ನಿಯಮಗಳಿಂದ. ಕಾರ್ಯಾಂಗದ ಎರಡನೆಯ ಮನುಷ್ಯ ಶಾಸಕಾಂಗದ ಮೊದಲನೆಯವನೂ ಆಗಿರುತ್ತಾನೆ. ಕೋಡಿ 14 ತಿಂಗಳು ಎರಡು ಕುರ್ಚಿಯಲ್ಲಿ ಕೂತದ್ದು ಅಪಚಾರವಾದರೆ, ಡ್ಯಾನ್ ಪ್ಯಾಟ್ರಿಕ್ 2015ರಿಂದ ಟೆಕ್ಸಾಸ್‌ನಲ್ಲಿ ಮಾಡುತ್ತಿರುವುದಕ್ಕೆ ಏನನ್ನೋಣ?

ಆರಿಜೋನಾದ ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಅಲ್ಲಿ ತಪ್ಪಿದ್ದು ಎರಡನೆಯವರ ಹುದ್ದೆ ಇಲ್ಲದ್ದರಿಂದಲ್ಲ, ಜನರನ್ನು ಮತ್ತೆ ಕೇಳದ್ದರಿಂದ. ಒರೆಗಾನ್‌ನಲ್ಲಿ 2015ರ ಫೆಬ್ರುವರಿಯಲ್ಲಿ ಗವರ್ನರ್ ಜಾನ್ ಕಿಟ್ಜ್‌ಹೇಬರ್ ಹಗರಣದ ನಡುವೆ ರಾಜೀನಾಮೆ ಕೊಟ್ಟಾಗಲೂ ಕುರ್ಚಿ ಸೆಕ್ರೆಟರಿ ಆಫ್ ಸ್ಟೇಟ್ ಕೇಟ್ ಬ್ರೌನ್‌ಗೇ ಹೋಯಿತು. ವ್ಯತ್ಯಾಸ ಇಷ್ಟೇ: ಅಲ್ಲಿನ ನಿಯಮದಂತೆ 2016ರ ನವೆಂಬರ್‌ನಲ್ಲಿ, ಉಳಿದ ಎರಡು ವರ್ಷದ ಅವಧಿಗೆ, ಬ್ರೌನ್ ಮತದಾರರ ಮುಂದೆ ಹೋಗಿ ಗೆದ್ದು ಬರಬೇಕಾಯಿತು.