ಬಿಸಿಗಾಳಿ ಬರುವ ಕಂಪ್ಯೂಟರ್ ಇದೆಯಾ?

ಮಲೆನಾಡಿನಲ್ಲಿ ಕಂಪ್ಯೂಟರ್ ಸಾಯುವುದಕ್ಕೆ ಕಾರಣಗಳ ಬರವಿಲ್ಲ. ಏಪ್ರಿಲ್, ಮೇನಲ್ಲಿ ಸಿಡಿಲು, ಜೂನ್‌ನಿಂದ ಥಂಡಿ, ವರ್ಷವಿಡೀ ಇರುವೆ. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮಣ್ಣುರಸ್ತೆಗೆ ಇಳಿದು, ತೋಟ ದಾಟಿದ ಮೇಲೆ. ಮಳೆಗಾಲದಲ್ಲಿ ಇಲ್ಲಿ ಚಪ್ಪಲಿ, ಬೆಲ್ಟು, ಗೋಡೆ ಮೇಲಿನ ಅಜ್ಜನ ಫೋಟೋ ಎಲ್ಲದಕ್ಕೂ ಭೇದಭಾವವಿಲ್ಲದೆ ಬೂಷ್ಟು ಹಿಡಿಯುತ್ತದೆ. ಗುಡುಗಿನ ಮೊದಲ ಸದ್ದಿಗೇ ಓಡಿಹೋಗಿ ಪ್ಲಗ್ ಕೀಳುವುದು ಮನೆಯ ಮಕ್ಕಳಿಗೆಲ್ಲ ಅಕ್ಷರಾಭ್ಯಾಸಕ್ಕೂ ಮೊದಲೇ ಆಗುವ ಪಾಠ. ಫೋನಿನ ತಾಮ್ರದ ತಂತಿ ಇದ್ದ ಕಾಲದಲ್ಲಿ ಸಿಡಿಲು ಅದೇ ದಾರಿಯಲ್ಲಿ ಒಳಗೆ ಬಂದು ಮೋಡೆಮ್ ಸುಟ್ಟು ಹೋಗುತ್ತಿತ್ತು. ಈಗ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಅಡಿಕೆ ಸೋಗೆ ಬಿದ್ದರೆ ಎಳೆಯೇ ಇರುವುದಿಲ್ಲ.

ಇಷ್ಟೆಲ್ಲ ಇದ್ದೂ 2014ರಲ್ಲಿ ತಂದ ನಮ್ಮ ಕಂಪ್ಯೂಟರ್ ಗಟ್ಟಿಯಾಗಿಯೇ ಇತ್ತು. ಕೊನೆಗೆ ಅದಕ್ಕೆ ಕುತ್ತು ಬಂದದ್ದು ಕ್ಯಾಲೆಂಡರಿನಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಪುಕ್ಕಟೆ ಭದ್ರತಾ ಅಪ್‌ಡೇಟುಗಳು ಮುಗಿದವು. 11ಕ್ಕೆ ಏರಿಸೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಪೀಳಿಗೆಯದೋ ಅದರ ಈಚಿನದೋ ಆಗಿರಬೇಕು. ನಮ್ಮದು ನಾಲ್ಕನೆಯದು. ನೋಂದಣಿ ಮಾಡಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷ ಅಪ್‌ಡೇಟ್ ಸಿಗುವ ದಾರಿಯೂ ಇತ್ತು. ಅದು ಸೊಸೈಟಿ ಸಾಲದ ಗಡುವು ಮುಂದೆ ಹಾಕಿದ ಹಾಗೆ. ಸಾಲ ಎಲ್ಲಿಗೂ ಹೋಗುವುದಿಲ್ಲ, ನಿದ್ದೆ ಮಾತ್ರ ಸ್ವಲ್ಪ ದಿನ ಚೆನ್ನಾಗಿ ಬರುತ್ತದೆ.

“ಸರಿಯಾಗಿ ಓಡ್ತಾ ಇರೋದನ್ನ ಎಂತಕ್ಕೆ ಬದಲ್ಸೋದು?” ಎಂದರು ಅಪ್ಪಯ್ಯ.

“ಇನ್ನು ಮುಂದೆ ಸೇಫ್ ಅಲ್ಲ ಅಪ್ಪಯ್ಯ. ಇಂಟರ್ನೆಟ್ಟಿಂದ ಕಳ್ಳರು ಒಳಗೆ ಬರ್ತಾರೆ.”

“ಬಂದು ಎಂತ ತಗೊಂಡು ಹೋಗ್ತಾರೆ? ನಿನ್ನ ದೇವಸ್ಥಾನದ ಸಮಿತಿ ನಡಾವಳಿನಾ?”

ಈ ಪ್ರಶ್ನೆಗೆ ಉತ್ತರ ಇಲ್ಲದ್ದರಿಂದ, ಹೊಸದು ತರುವ ಮೊದಲು ಹಳೆಯದನ್ನು ಒಮ್ಮೆ ಶುಚಿ ಮಾಡೋಣ ಎಂದು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ಒಳಗೆ ಒಂದು ಊರೇ ಇತ್ತು. ಯಾರೂ ಬಳಸದ ಯುಎಸ್‌ಬಿ ತೂತಿಗೆ ಕಣಜದ ಹುಳ ಮಣ್ಣು ಮೆತ್ತಿ ನುಣ್ಣಗೆ ಗಿಲಾವು ಮಾಡಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೆ ಮರಿಗಳ ಊಟಕ್ಕೆಂದು ತುಂಬಿಟ್ಟ ಪುಟಾಣಿ ಜೇಡಗಳು ಉದುರಿದವು. ಮದರ್‌ಬೋರ್ಡಿನ ಅಡಿಯಲ್ಲಿ ಇರುವೆಗಳು ಅಕ್ಕಿನುಚ್ಚು ಚೆಲ್ಲಿದಷ್ಟು ಮೊಟ್ಟೆ ಇಟ್ಟಿದ್ದವು. ಪವರ್ ಸಪ್ಲೈ ಪಕ್ಕದಲ್ಲಿ ಹಲ್ಲಿಯ ಎರಡು ಒಡೆದ ಮೊಟ್ಟೆಚಿಪ್ಪು. ಅಂದರೆ ಮರಿಗಳು ಕ್ಷೇಮವಾಗಿ ಹೊರಬಿದ್ದಿವೆ. ಆರು ತಿಂಗಳು ಎಲ್ಲವೂ ಒದ್ದೆಯಾಗಿರುವ ಮನೆಯಲ್ಲಿ ಬೆಚ್ಚಗೆ ಒಣಗಿದ ಜಾಗ ಅದೊಂದೇ. ಹಲ್ಲಿಗೆ ಗೊತ್ತಾಗಿದ್ದು ನನ್ನ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಆಷಾಢ ಬಂತೆಂದರೆ ಫ್ಯಾನಿನ ಬಿಸಿಗಾಳಿ ಹೊರಬರುವ ಕಡೆ ಕಡ್ಡಿಪೆಟ್ಟಿಗೆಗಳ ಸಾಲು, ಕ್ಯಾಬಿನೆಟ್ಟಿನ ತಲೆ ಮೇಲೆ ಮಕ್ಕಳ ಶಾಲೆಯ ಸಾಕ್ಸು, ಮೆತ್ತಗಾದ ಹಪ್ಪಳ. ನಾನು ಕೆಲಸ ಮುಗಿಸಿ ಆಫ್ ಮಾಡಲು ಹೋದರೆ “ಇನ್ನೊಂಚೂರು ಇರಲಿ, ಎಡಗಾಲಿಂದು ಒಣಗಿಲ್ಲ” ಎಂಬ ಆಜ್ಞೆ ಬರುತ್ತಿತ್ತು. ದಿನಾ ಹೀಗೆ ಬಿಸಿಯಾಗುತ್ತಿದ್ದುದರಿಂದಲೇ ಥಂಡಿ ಒಳಗೆ ಇಳಿಯದೆ ಆ ಕಂಪ್ಯೂಟರ್ ಇಷ್ಟು ಕಾಲ ಬಾಳಿತು ಎಂಬುದು ನನ್ನ ಅನುಮಾನ. ಬಹಿರಂಗವಾಗಿ ಹೇಳಿಲ್ಲ, ಹೇಳಿದರೆ ಮುಂದಿನ ಮಳೆಗಾಲಕ್ಕೆ ಕಂಬಳಿಯೂ ಬಂದು ಕೂರುತ್ತದೆ.

ಹೀಗಾಗಿ ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿಯ ಅಂಗಡಿಯೊಂದರಲ್ಲಿ ನಾನು ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ಶುರುಮಾಡುವುದರೊಳಗೆ ಅವಳು ಕೇಳಿದ್ದು ಇಷ್ಟೇ: “ಬಿಸಿಗಾಳಿ ಚೆನ್ನಾಗಿ ಬರ್ತದಾ?”

ಹುಡುಗ ಹೆಮ್ಮೆಯಿಂದ ಹೇಳಿದ: “ಇಲ್ಲ ಮೇಡಂ, ಇದ್ರಲ್ಲಿ ಹೀಟಿಂಗ್ ಪ್ರಾಬ್ಲಮ್ಮೇ ಇಲ್ಲ. ಫ್ಯಾನ್ ಸೌಂಡೂ ಬರಲ್ಲ.”

“ಹಾಗಾದ್ರೆ ಬೇಡ.”

ಆ ಹುಡುಗನ ಮುಖ ನೋಡಿ ನನಗೇ ಕನಿಕರ ಬಂತು. ಅವನು ಸೋಲು ಒಪ್ಪದೆ ಕೆಂಪು, ನೀಲಿ, ಹಸಿರು ಬೆಳಕು ಕಾರುವ ಗೇಮಿಂಗ್ ಡಬ್ಬವೊಂದನ್ನು ಹಚ್ಚಿ ತೋರಿಸಿದ. ಅದು ಬಿಸಿಗಾಳಿಯನ್ನು ಧಾರಾಳವಾಗಿ ಬಿಡುತ್ತಿತ್ತು. ಬೆಲೆ ಕೇಳಿದ ಮೇಲೆ ನಮಗೂ ಬೆವರು ಬಂತು.

ಕೊನೆಗೆ ತಂದದ್ದು ಲ್ಯಾಪ್‌ಟಾಪ್. ಯಾವುದೋ ಆಫೀಸಿನಲ್ಲಿ ಕೆಲವು ವರ್ಷ ದುಡಿದು, ರಿಪೇರಿ ಅಂಗಡಿಯವರು ತಿಕ್ಕಿ ತೊಳೆದು ಮತ್ತೆ ಮಾರಾಟಕ್ಕಿಟ್ಟದ್ದು. ಎಂಟನೇ ಪೀಳಿಗೆ, 8 ಜಿಬಿ ರ‍್ಯಾಮ್, ವಿಂಡೋಸ್ 11. ಕರೆಂಟ್ ಹೋದರೆ ಯುಪಿಎಸ್ ಕುಂಯ್‌ಗುಡುವುದಿಲ್ಲ, ಗುಡುಗಿದರೆ ಪ್ಲಗ್ ಕಿತ್ತುಕೊಂಡೂ ಕೆಲಸ ಮುಂದುವರಿಸಬಹುದು. ನಮ್ಮ ಕಡೆಗೆ ಬೇರೆ ಯಾವ ಗುಣವೂ ಇದಕ್ಕಿಂತ ಮುಖ್ಯವಲ್ಲ. ಕಂಪ್ಯೂಟರ್ ಕೊಳ್ಳಲು ಸಲಹೆ ಕೊಡುವವರೆಲ್ಲ ಸಿಡಿಲಿಲ್ಲದ ಊರಿನವರು.

ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಹಳೆಯದನ್ನು ಗುಜರಿಗೆ ಹಾಕುತ್ತೇನೆ ಎಂದಿದ್ದಕ್ಕೆ “ಮಾಮ, ಪಾಪ ಸುತ್ತಿಕೊಳ್ತದೆ” ಎಂದು ಜೇಬಿನಿಂದ ಪೆನ್‌ಡ್ರೈವ್ ತೆಗೆದ. ಅದರಲ್ಲಿ ಇದ್ದದ್ದು ಲಿನಕ್ಸ್, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಪುಕ್ಕಟೆ ವ್ಯವಸ್ಥೆ. ಇವನಿಗೆ ಲಿನಕ್ಸ್ ಎಂದರೆ ಹರಿಕಥೆ. 1991ರ ಹೆಲ್ಸಿಂಕಿಯಿಂದಲೇ ಪೀಠಿಕೆ ಶುರು. ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಹವ್ಯಾಸಕ್ಕೆಂದು ಬರೆದದ್ದು ಇವತ್ತು ಎಲ್ಲ ಆಂಡ್ರಾಯ್ಡ್ ಫೋನುಗಳ ಒಡಲಲ್ಲಿದೆ ಎನ್ನುವಲ್ಲಿಗೆ ಬರುವಷ್ಟರಲ್ಲಿ ಹೋಳಿಗೆ ತಣ್ಣಗಾಗಿತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮಾತ್ರ “ಊರೆಲ್ಲ ಹೋಗೋ ದಾರೀಲಿ ಹೋಗಿ ಮಾರಾಯ್ರೆ, ನಾಳೆ ಕೆಟ್ಟರೆ ಕೇಳಕ್ಕೆ ಒಬ್ಬರಾದ್ರೂ ಬೇಕಲ” ಎಂದರು. ಇಬ್ಬರದೂ ಸರಿ ಎನಿಸಿತು. ಅವನು ತಂದಿದ್ದ ಲಿನಕ್ಸ್ ಮಿಂಟ್ ಎಂಬ ಬಗೆಯನ್ನು ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು ಎಂದಾಗ ಮೇಷ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡರು.

ನನ್ನ ಪರೀಕ್ಷೆ ಒಂದೇ, ಕನ್ನಡ. ನಮ್ಮ ಮನೆ ಊರಿನ ಅನಧಿಕೃತ ಡಿಟಿಪಿ ಕೇಂದ್ರ. ಸತ್ಯನಾರಾಯಣ ವ್ರತದ ಕರೆಯೋಲೆ, ಯುವಕ ಮಂಡಲದ ನೋಟೀಸು, ತಹಶೀಲ್ದಾರರಿಗೆ ಅರ್ಜಿ ಎಲ್ಲ ಇಲ್ಲಿಂದಲೇ. ಕನ್ನಡ ಟೈಪಿಂಗಿಗೆಂದು ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸಕ್ಕೆ ಬೆರಳು ಎಷ್ಟು ಒಗ್ಗಿದೆಯೆಂದರೆ, ಒತ್ತಕ್ಷರ ಬಂದಲ್ಲಿ ಎಡಗೈ ತೋರುಬೆರಳು ನನ್ನನ್ನು ಕೇಳದೆ ‘ಎಫ್’ ಮೇಲೆ ಹೋಗಿ ಕೂರುತ್ತದೆ. ಅಕ್ಕನ ಮಗ ಸೆಟ್ಟಿಂಗಿಗೆ ಹೋಗಿ ಕೀಬೋರ್ಡುಗಳ ಪಟ್ಟಿಯಲ್ಲಿ ಅದೇ ವಿನ್ಯಾಸದ ‘ಕಗಪ’ ಎಂಬುದನ್ನು ಆರಿಸಿದ. ಬೇರೆ ಏನೂ ಇಳಿಸಿಕೊಳ್ಳದೆ ‘ಶ್ರೀ ಕ್ಷೇತ್ರ’ ಎಂದು ಸರಾಗ ಮೂಡಿತು. ನಾನು ಖುಷಿಯಲ್ಲಿ ಹಳೆಯ ಫೋಲ್ಡರ್ ತೆರೆದೆ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತವಾದ ಯೂನಿಕೋಡ್ ಬರುವ ಮೊದಲಿನ, ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪಿಸಿದ ಮದುವೆ ಕರೆಯೋಲೆಯೊಂದು ತೆರೆಯಿತು. ಅದರಲ್ಲಿ ವರನ ಹೆಸರು ಇರಬೇಕಾದಲ್ಲಿ ಪೌಂಡಿನ ಗುರುತು, ಸೊಟ್ಟ ಬರೆಗಳು, ತಲೆ ಮೇಲೆ ಚುಕ್ಕೆ ಇಟ್ಟುಕೊಂಡ ಯುರೋಪಿನ ಅಕ್ಷರಗಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು “ಇದು ಯಾರ ಮನೆ ಮದುವೆ?” ಎಂದರು. ಹಳೆಯ ಫಾಂಟಿನ ಫೈಲನ್ನು ತಂದು ಹಾಕಿದ ಮೇಲೆ ವರ ಪತ್ತೆಯಾದ, ಮೇಷ್ಟ್ರ ಅಳಿಯ!

ಅಂತೂ ಹಳೆಯದಕ್ಕೆ ಲಿನಕ್ಸ್ ಬಂತು, ಹೊಸದರಲ್ಲಿ ವಿಂಡೋಸ್ ಉಳಿಯಿತು. ವಿಷಯ ಇತ್ಯರ್ಥವಾಯಿತು ಎನ್ನುವಷ್ಟರಲ್ಲಿ ಮನೆಯ ಹಿರಿಯ ಸದಸ್ಯ, ನಮ್ಮ ಪ್ರಿಂಟರ್, ತನ್ನ ಅಭಿಪ್ರಾಯ ತಿಳಿಸಿತು. ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದರೆ ಡ್ರೈವರ್ ಎಂಬ ತಂತ್ರಾಂಶ ಬೇಕೆಂದಿತು. ಡ್ರೈವರ್ ಇರುವುದು ಸಿಡಿಯಲ್ಲಿ. ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಅದೇ ಪ್ರಿಂಟರನ್ನು ಹಳೆಯದಕ್ಕೆ ಸಿಕ್ಕಿಸಿದರೆ ಲಿನಕ್ಸ್ ಒಂದು ಮಾತೂ ಕೇಳದೆ ಕರಕರ ಎಂದು ಹಾಳೆ ಹೊರಗೆ ತಳ್ಳಿತು. ಅಕ್ಕನ ಮಗನ ಮುಖದಲ್ಲಿ ಕಂಡ ಗೆಲುವನ್ನು ಇಲ್ಲಿ ವರ್ಣಿಸುವುದಿಲ್ಲ. ಅವನು ಅದನ್ನು ಆಗಲೇ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ವರ್ಣಿಸಿದ್ದಾನೆ.

ಈಗ ಸಮಿತಿಯ ಪತ್ರ ಲ್ಯಾಪ್‌ಟಾಪಿನಲ್ಲಿ ಹುಟ್ಟಿ, ಪೆನ್‌ಡ್ರೈವ್ ಹತ್ತಿ, ಹಳೆಯದಕ್ಕೆ ಇಳಿದು ಕಾಗದವಾಗುತ್ತದೆ. ಮನೆಯಲ್ಲಿ ಎರಡೂ ದಿನಾ ಓಡುತ್ತಿವೆ. ಹಳೆಯದು ಹೆಚ್ಚು ಹೊತ್ತು ಓಡುತ್ತದೆ, ಯಾಕೆಂದು ಕೇಳುವ ಧೈರ್ಯ ನನಗಿಲ್ಲ.

ಅಪ್ಪಯ್ಯ ಸಂಜೆ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ನೋಡುತ್ತಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಒಂದೊಂದು ಬಗೆಗೂ ಬೆರಳಿಟ್ಟು ಓದುವ ಪದ್ಧತಿ. ಮೊನ್ನೆ ಹಳೆಯದರಲ್ಲಿ ನೋಡಿ ಎದ್ದವರು, ಹೊಸದರ ಮುಂದೆ ಕೂತು ಮತ್ತೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇದ್ರಲ್ಲೂ ರಾಶಿಗೆ ಅಷ್ಟೇ ತೋರಿಸ್ತದಲ ಮಾರಾಯ, ಮತ್ತೆ ದುಡ್ಡು ಕೊಟ್ಟು ಎಂತಕ್ಕೆ ತಂದಿದ್ದು?” ಎಂದರು.