ವಾಲ್ವ್ ಕಾಯಿಲೆ ಬರೀ ರಕ್ತಸಂಬಂಧದಿಂದ ಬರುವುದಲ್ಲ

ಅಮ್ಮನಿಗೆ ರುಮ್ಯಾಟಿಕ್ ಹೃದಯ ಕಾಯಿಲೆ (ಹೃದಯದ ವಾಲ್ವ್, ಅಂದರೆ ಕವಾಟ, ಹಾಳಾಗುವ ಕಾಯಿಲೆ) ಇದ್ದರೆ ಮಕ್ಕಳಿಗೂ ಬಂದೇ ಬರುತ್ತದೆ ಎಂಬ ಸಂದೇಶ ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತದೆ. ಓದಿದವರಿಗೆ ಹೆದರಿಕೆ ಆಗುವುದು ಸಹಜ. ಆದರೆ ಅದು ತಪ್ಪು.

ಈ ಕಾಯಿಲೆ ಶುರುವಾಗುವುದು ಗಂಟಲಿನಿಂದ. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ತಗುಲಿದಾಗ ಅದರ ಜೊತೆ ಹೋರಾಡುವ ದೇಹದ ರಕ್ಷಣಾ ವ್ಯವಸ್ಥೆ, ಕೆಲವರಲ್ಲಿ ಹೃದಯದ ವಾಲ್ವಿಗೂ ಏಟು ಕೊಡುತ್ತದೆ. ಯಾರಲ್ಲಿ ಹಾಗಾಗುತ್ತದೆ ಎನ್ನುವುದರಲ್ಲಿ ವಂಶವಾಹಿಗಳ ಪಾಲಿದೆ, ನಿಜ. ಆದರೆ ಸೋಂಕೇ ಇಲ್ಲದಿದ್ದರೆ ಬರೀ ವಂಶವಾಹಿಗಳಿಂದ ಕಾಯಿಲೆ ಬರುವುದಿಲ್ಲ.

ಹಾಗಾಗಿ 5ರಿಂದ 15 ವರ್ಷದ ಮಗು ಜ್ವರದಲ್ಲಿ ಗಂಜಿ ನುಂಗಲೂ ಅಳುತ್ತಿದ್ದರೆ ಸುಮ್ನೆ ಕಷಾಯ ಕೊಟ್ಟು ಕಾಯಬೇಡಿ, ಡಾಕ್ಟರಿಗೆ ಗಂಟಲು ತೋರಿಸಿ. ಗಂಟಲಿನ ಈ ಸೋಂಕಿನ ನಂತರ ಬಂದು ವಾಲ್ವಿಗೆ ಏಟು ಕೊಡಬಲ್ಲ ಜ್ವರಕ್ಕೆ ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ಅದು ಬಂದುಹೋದವರಿಗೆ ಮರುಕಳಿಸದಂತೆ 3-4 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ.

ಇಂಥ ಸಂದೇಶ ಬಂದರೆ ಬರೆದವರ ಹೆಸರು, ದಿನಾಂಕ ಇದೆಯಾ ನೋಡಿ. ‘ಬಂದೇ ಬರುತ್ತದೆ’ ಎಂದಿದ್ದರೆ, ಮುಂದೆ ಕಳಿಸುವ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ ಕೇಳಿ.