ಕೂಡ್ರಿ, ಹೇಳ್ತೀನಿ

ಕಳೆದ ಶುಕ್ರವಾರ ಸಂಜೆ ಸಿಟಿ ಬಸ್ಸಿನ ಕಂಡಕ್ಟರ್ ಒಬ್ಬರು ನನ್ನನ್ನು ಬೈದರು. ದೊಡ್ಡ ಬೈಗುಳ ಏನಲ್ಲ, ಮೂರೇ ಶಬ್ದ. "ನೀವ್ ಹೇಳಬೇಕಲ್ರಿ ಯಜಮಾನ್ರ!"

ನಾನು ಹೇಳಿದ್ದೆ. ಸಿಟ್ಟು ಬಂದದ್ದೇ ಅದಕ್ಕೆ. ಸಿಬಿಟಿಯಲ್ಲಿ, ಅಂದರೆ ಬೆಳಗಾವಿಯ ಸಿಟಿ ಬಸ್ ನಿಲ್ದಾಣದಲ್ಲಿ, ಹತ್ತಿದ ಕೂಡಲೇ "ಎರಡನೇ ಗೇಟ್ ಬಂದ್ರ ಹೇಳ್ರಿ" ಅಂತ ಹೇಳಿದ್ದೆ. ನಮ್ಮ ಊರಲ್ಲಿ ರೈಲ್ವೆ ಗೇಟುಗಳಿಗೆ ನಂಬರೇ ಹೆಸರು. ಅವರು ತಲೆ ಎತ್ತದೆ "ಕೂಡ್ರಿ, ಹೇಳ್ತೀನಿ" ಅಂದಿದ್ದರು. ಕೂಡ್ರಲು ಸೀಟೇ ಇರಲಿಲ್ಲ, ಆ ಮಾತು ಬೇರೆ. ಒಂದು ಕೈಯಲ್ಲಿ ಕುಂದಾ ಡಬ್ಬಿ ಹಿಡಿದು, ಇನ್ನೊಂದು ಕೈಯಿಂದ ಮೇಲಿನ ಸರಳಿಗೆ ಜೋತು ನಿಂತೆ. ನನಗೂ ಕಿಟಕಿಗೂ ನಡುವೆ ಒಂದು ಕಾಲೇಜು ಬ್ಯಾಗು, ಎರಡು ಕಾಯಿಪಲ್ಲೆ ಚೀಲ, ಒಬ್ಬರ ಅಗಲವಾದ ಬೆನ್ನು. ಹೊರಗೆ ಬೆಳಗಾವಿ ಇದೆಯೋ ಬಳ್ಳಾರಿ ಇದೆಯೋ ತಿಳಿಯುವ ಹಾಗಿರಲಿಲ್ಲ. ಬೆನ್ನು ಇಳಿದು ಹೋಗಿ ಕಿಟಕಿ ಕಾಣುವ ಹೊತ್ತಿಗೆ ಉದ್ಯಮಬಾಗ ಬಂದಿತ್ತು. ಎರಡನೇ ಗೇಟ್ ದಾಟಿ, ಮೂರನೇ ಗೇಟ್ ದಾಟಿ, ಕಾರ್ಖಾನೆಗಳ ಸಾಲಿಗೇ ಬಂದಿದ್ದೆ. ಗೆಳೆಯರ ಮನೆಯ ಗೃಹಪ್ರವೇಶದ ಊಟಕ್ಕೆ ಹೊರಟವನು ನಾನು.

ಬೆಳಗಾವಿಯ ಕಂಡಕ್ಟರುಗಳಿಗೆ ಈ ಮಾತು ಎರಡು ಭಾಷೆಯಲ್ಲಿ ಬರುತ್ತದೆ. ಕನ್ನಡದವರು ಕೇಳಿದರೆ "ಕೂಡ್ರಿ, ಹೇಳ್ತೀನಿ". ಮರಾಠಿಯವರು ಕೇಳಿದರೆ "ಬಸಾ, ಸಾಂಗತೋ". ಭಾಷೆಯ ಹೆಸರಲ್ಲಿ ಈ ಊರು ಏನೇನೋ ಜಗಳ ಕಂಡಿದೆ. ಆದರೆ ಸ್ಟಾಪು ಮರೆಯುವ ವಿಷಯದಲ್ಲಿ ಯಾವ ಕಂಡಕ್ಟರೂ ಭೇದ ಮಾಡಿದ್ದು ನಾನು ಕಂಡಿಲ್ಲ.

ಅವರ ಕಡೆಗೂ ನ್ಯಾಯ ಇದೆ, ಒಪ್ಪುತ್ತೇನೆ. ಆ ಕೈಗಳನ್ನು ಒಮ್ಮೆ ನೋಡಬೇಕು. ಎಡಗೈ ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟುಗಳು, ಹತ್ತರದ್ದು ಒಂದು ಸಂದಿಗೆ, ಇಪ್ಪತ್ತರದ್ದು ಇನ್ನೊಂದಕ್ಕೆ. ಅಂಗೈಯಲ್ಲಿ ಟಿಕೆಟ್ ಮಶೀನು. ಬಲಗೈ ಚೀಲದೊಳಗೆ ಚಿಲ್ಲರೆ ಕೆದಕುತ್ತಿರುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆಯಿತಲ್ಲ, ಫ್ರೀ ಅಂದರೆ ಟಿಕೆಟ್ಟೇ ಇಲ್ಲ ಅಂತಲ್ಲ. ಪ್ರತಿಯೊಬ್ಬರ ಗುರುತಿನ ಚೀಟಿ ನೋಡಬೇಕು, ಪ್ರತಿಯೊಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡಬೇಕು. ಇಷ್ಟರ ನಡುವೆ ಹೋಲ್ಡಾನ್, ರೈಟ್, ಮುಂದ ಸರೀರಿ, ಬಾಗಲ್ದಾಗ ನಿಲ್ಲಬ್ಯಾಡ್ರಿ. ನನ್ನ ಎರಡನೇ ಗೇಟ್ ಎಲ್ಲಿ ನೆನಪಿರಬೇಕು?

ಹಂಗಿದ್ದ ಮೇಲೆ "ಹೇಳ್ತೀನಿ" ಅಂತ ಯಾಕೆ ಅನ್ನಬೇಕು? "ನನಗ ನೆನಪಿರೂದಿಲ್ಲ, ನೀವ ನೋಡ್ಕೋರಿ" ಅಂದರೆ ಮುಗಿಯಿತಲ್ವಾ!

ಹೋದ ವರ್ಷ ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಮೆಟ್ರೋ ಹತ್ತಿದ್ದೆ. ಮೆಜೆಸ್ಟಿಕ್‌ನಿಂದ ಇಂದಿರಾನಗರ. ಅಲ್ಲಿ ಕಂಡಕ್ಟರ್ ಎಂಬ ಪ್ರಾಣಿಯೇ ಇಲ್ಲ. ಕಾಣದ ಒಬ್ಬಾಕೆ ಪ್ರತಿ ಸ್ಟೇಷನ್ನಿನ ಹೆಸರನ್ನೂ ಬರುವ ಮೊದಲೇ ಹೇಳುತ್ತಾಳೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತಲೂ ಹೇಳುತ್ತಾಳೆ. ನನಗೆ ಬೇಡದ ಟ್ರಿನಿಟಿ, ಹಲಸೂರು ಎಲ್ಲವನ್ನೂ ಅಷ್ಟೇ ಕಾಳಜಿಯಿಂದ ಹೇಳಿದಳು. ಆದರೂ ಸಮಾಧಾನ ಆಗಲಿಲ್ಲ. ಪಕ್ಕದ ಹುಡುಗನಿಗೆ "ಇಂದಿರಾನಗರ ಬಂದ್ರ ಹೇಳಪಾ" ಅಂದೆ. ಅವನು ಒಂದು ಕಿವಿಯಿಂದ ಬತ್ತಿ ತೆಗೆದ. ಬಾಗಿಲ ಮೇಲೆ ಹೆಸರು ಓಡುತ್ತಿದ್ದ ಬೋರ್ಡಿಗೆ ಬೆರಳು ತೋರಿಸಿದ. ಬತ್ತಿಯನ್ನು ಮತ್ತೆ ಕಿವಿಗೆ ಇಟ್ಟುಕೊಂಡ. ಹುಡುಗ ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಇಂದಿರಾನಗರ ಬರುವ ತನಕ ನಾನು ಅವನ ಕಡೆ ನೋಡಲಿಲ್ಲ.

ನಮ್ಮ ಊರಲ್ಲಿ ಬೋರ್ಡು ನೋಡಿ ಇಳಿಯುತ್ತೇನೆ ಅಂದರೂ ಕಷ್ಟ. ಬೋಗಾರವೇಸ್, ಗೋವಾವೇಸ್ ಅನ್ನುತ್ತಾರೆ. ವೇಸ್ ಅಂದರೆ ಮರಾಠಿಯಲ್ಲಿ ಊರ ಬಾಗಿಲು, ನಮ್ಮ ಕಡೆ ಅಗಸಿ ಅಂತೀವಲ್ಲ ಅದೇ. ಈಗ ಅಲ್ಲಿ ಹುಡುಕಿದರೆ ಬಾಗಿಲೂ ಇಲ್ಲ, ಚೌಕಟ್ಟೂ ಇಲ್ಲ. ಗೋವಾವೇಸ್‌ನಲ್ಲಿ ಬೋರ್ಡು ನೋಡಿದರೆ ಬಸವೇಶ್ವರ ಸರ್ಕಲ್. ಮೂರನೇ ಗೇಟಿಗೆ ಮೇಲ್ಸೇತುವೆ ಬಂತು, ಜನರ ಬಾಯಲ್ಲಿ ಇನ್ನೂ ಮೂರನೇ ಗೇಟ್.

ಇರಲಿ. ಉದ್ಯಮಬಾಗದಿಂದ ತಿರುಗಿ ನಡೆಯುತ್ತಾ ಬರುವಾಗ ಈ ಕೇಳುವುದು, ಹೇಳುವುದು, ಮರೆಯುವುದರ ಬಗ್ಗೆ ನನಗೊಂದು ದೊಡ್ಡ ವಿಚಾರ ಹೊಳೆಯಿತು. ಅದನ್ನು ಬರೆಯಲೆಂದೇ ಕೂತಿದ್ದೇನೆ. ಅದಕ್ಕೆ ಮೊದಲು ನಮ್ಮ ಸೋದರತ್ತೆಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ.

ಅತ್ತೆ ಜಮಖಂಡಿಯವಳು. ಮಗಳನ್ನು ಕೊಟ್ಟಿದ್ದು ಮುಧೋಳ ದಾಟಿ ಲೋಕಾಪುರ ರಸ್ತೆಯಿಂದ ಒಳಗಿದ್ದ ಒಂದು ಹಳ್ಳಿಗೆ. ಇಳಿಯುವ ಜಾಗಕ್ಕೆ ಬೋರ್ಡಿಲ್ಲ, ಶೆಡ್ಡಿಲ್ಲ. ಹುಣಸಿಮರ ಅಂತ ಹೆಸರು, ಅಷ್ಟೇ. ಒಂದು ಸಲ ರಜೆಯಲ್ಲಿ ನಾನೂ ಜೊತೆಗೆ ಹೋಗಿದ್ದೆ, ಆರನೇ ಇಯತ್ತೆ ಇರಬೇಕು. ರಸ್ತೆ ಅಗಲ ಮಾಡುವಾಗ ಹುಣಸಿಮರ ಕಡಿದುಬಿಟ್ಟಿದ್ದರು. ಕಂಡಕ್ಟರ್ ಹೊಸಬ. ಅತ್ತೆ "ತಮ್ಮಾ, ಹುಣಸಿಮರ ಬಂದ್ರ ಹೇಳೋ" ಅಂದಳು. ಅವನು "ಹೇಳ್ತೀನಿ, ಯಾವ ಹುಣಸಿಮರ ಬೇ?" ಅಂದ.

ಸಾಕಲ್ಲ, ಇಡೀ ಬಸ್ಸು ಎದ್ದು ಕೂತಿತು. ಒಬ್ಬ ಮರ ಎಡಕ್ಕಿತ್ತು ಅಂದ. ಇನ್ನೊಬ್ಬ ಬಲಕ್ಕೆ ಅಂದ. ಮೊದಲಿನವನು ನೀನು ಲೋಕಾಪುರದಿಂದ ಬರುವಾಗ ನೋಡೀದಿ, ಅದಕ್ಕ ಬಲಕ್ಕ ಕಂಡೈತಿ ಅಂದ. ಅದು ಎರಡನೆಯವನಿಗೆ ಅವಮಾನವಾಯಿತು. ಡ್ರೈವರು ಕೂಡ ವೇಗ ಕಡಿಮೆ ಮಾಡಿ, ಅದೇ ಮರದ ಬುಡದಲ್ಲಿ ಒಂದು ಚಹಾದಂಗಡಿ ಇತ್ತು, ಚಹಾದಲ್ಲಿ ಶುಂಠಿ ಜಾಸ್ತಿ ಹಾಕುತ್ತಿದ್ದ ಅಂತ ನೆನಪು ತೆಗೆದ. ಆಗ ಹಿಂದಿನ ಸೀಟಿನಿಂದ ರುಮಾಲು ಸುತ್ತಿದ ಹಿರಿಯನೊಬ್ಬ ಎದ್ದು ನಿಂತ. ಆ ಮರದ ಹುಣಸಿಹಣ್ಣನ್ನು ಪಂಚಾಯ್ತಿಯವರು ವರ್ಷಾ ಹರಾಜು ಹಾಕುತ್ತಿದ್ದರಂತೆ. ಒಂದು ವರ್ಷ ಅಣ್ಣ ತಮ್ಮ ಇಬ್ಬರೂ ಹಟಕ್ಕೆ ಬಿದ್ದು ಸವಾಲು ಏರಿಸಿದರಂತೆ. ಹಣ್ಣಿನ ಬೆಲೆ ದಾಟಿತು, ಮರದ ಬೆಲೆ ದಾಟಿತು, ಯಾರೂ ಬಿಡಲಿಲ್ಲ. ಕೊನೆಗೆ ತಮ್ಮ ಗೆದ್ದ. ಗೆದ್ದವನಿಗೆ ರೊಕ್ಕ ಕೊಡುವ ತ್ರಾಣ ಇರಲಿಲ್ಲ. ರಾತ್ರಿ ಯಾರಿಗೂ ಗೊತ್ತಾಗದ ಹಾಗೆ ಅಣ್ಣನ ಮನೆಗೇ ಸಾಲ ಕೇಳಲು ಹೋದ. ಅಣ್ಣ ಕೊಟ್ಟ. ಕೊಟ್ಟು, ಬಡ್ಡಿ ಬೇಡ, ಅರ್ಧ ಹಣ್ಣು ಕೊಡು ಅಂದನಂತೆ.

ಬಸ್ಸೆಲ್ಲ ನಕ್ಕಿತು. ನಗು ಮುಗಿದ ಮೇಲೆ ಕಂಡಕ್ಟರ್ ಹೊರಗೆ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. ಹುಣಸಿಮರ ದಾಟಿ ಎರಡು ಕಿಲೋಮೀಟರ್ ಆಗಿತ್ತು. ಬಸ್ ನಿಲ್ಲಿಸಿದರು. ಕಂಡಕ್ಟರ್ ಪಾಪ ತಾನೇ ಗಂಟು ಇಳಿಸಿಕೊಟ್ಟು "ತಪ್ಪಾತು ಬೇ" ಅಂದ. ಅತ್ತೆ ಅವನಿಗೆ ಚೆನ್ನಾಗಿ ಬೈದಳು, ಬಸ್ಸು ಮರೆಯಾಗುವ ತನಕ ಬೈದಳು. ಆಮೇಲೆ ಗಂಟು ತಲೆಗೇರಿಸಿ ಬಿಸಿಲಲ್ಲಿ ಹಿಂದಕ್ಕೆ ನಡೆಯುತ್ತಾ ನನಗೆ ಹೇಳಿದಳು: "ದಾಟಿದ್ದು ನನಗ ಗೊತ್ತಿತ್ತಲೇ. ಆದ್ರ ಆ ಹಿರ್ಯಾ ಕಥಿ ಮುಗಿಸಿರಲಿಲ್ಲಲ್ಲ. ಹೆಂಗ ಇಳೀಲಿ?"

ಮತ್ತೆ ಅವನಿಗೆ ಯಾಕ ಬೈದಿ ಅಂತ ಕೇಳಿದೆ. "ಹೇಳ್ತೀನಿ ಅಂದಿದ್ನಲ್ಲ!" ಅಂದಳು.

ನನ್ನ ಬಸ್ಸಿನಲ್ಲಿ ಕಥೆಯೂ ಇರಲಿಲ್ಲ. ಬರೀ ಬೆನ್ನು.

ಮೂರನೇ ಗೇಟ್ ದಾಟಿ ಕಾಂಗ್ರೆಸ್ ರಸ್ತೆ ಹಿಡಿದೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿ ನಡೆಸಿದ ಅಧಿವೇಶನದ ನೆನಪಿನ ರಸ್ತೆ. ಅಧಿವೇಶನ ನಡೆದದ್ದು ಕೆಲವೇ ದಿನ, ಹೆಸರು ನೂರು ವರ್ಷದಿಂದ ನಡೆಯುತ್ತಿದೆ. ನಾನೂ ನಡೆದೆ. ಕುಂದಾ ಡಬ್ಬಿಯ ದಾರ ಬೆರಳಿಗೆ ಕೊರೆಯುತ್ತಿತ್ತು. ಎರಡನೇ ಗೇಟಿಗೆ ಬಂದರೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ. ಒಂದೊಂದೇ ಡಬ್ಬಿ ಎಣಿಸುತ್ತಾ ನಿಂತೆ. ನಲವತ್ತೆರಡೋ ನಲವತ್ಮೂರೋ ಆದ ಮೇಲೆ ಎಣಿಕೆ ತಪ್ಪಿತು. ಅದರ ಜೊತೆಗೆ ಆ ದೊಡ್ಡ ವಿಚಾರವೂ ತಪ್ಪಿತು ಅಂತ ಕಾಣುತ್ತದೆ. ಆಮೇಲೆ ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ.

ಗೆಳೆಯರ ಮನೆ ಮುಟ್ಟಿದಾಗ ಪಂಕ್ತಿ ಎದ್ದು, ಅಡುಗೆಯವರು ಕೊಪ್ಪರಿಗೆ ತೊಳೆಯುತ್ತಿದ್ದರು. ಅನ್ನ ಸಾರು ಇಷ್ಟು ಉಳಿದಿತ್ತು, ಸಿಹಿ ಖಾಲಿ. ಮನೆಯಾಕೆ ಸಂಕೋಚಪಟ್ಟುಕೊಂಡು, ನಾನು ಒಯ್ದ ಡಬ್ಬಿಯನ್ನೇ ಬಿಚ್ಚಿ ನನಗೇ ಎರಡು ಚಮಚ ಕುಂದಾ ಬಡಿಸಿದರು. ತಡ ಯಾಕಾಯಿತು ಅಂತ ಗೆಳೆಯರು ಕೇಳಿದರು. ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕುತ್ತಾ ಅಂದರು:

"ಕಂಡಕ್ಟರ್‌ಗೆ ಮೊದಲ ಹೇಳಿ ಇಡಬೇಕಿತ್ತು ಬಿಡ್ರಿ."